ಟಾರ್ಪಾಲಿನ ನೀರೆತ್ತಿದವರು ಯಾರು

ಇಂಥ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ. ಯಾರಾದರೂ "ಒಂದಿನ ರಾತ್ರಿ ಏನಾಯ್ತು ಗೊತ್ತಾ" ಎಂದು ದನಿ ತಗ್ಗಿಸಿದರೆ ಸಾಕು, ನಾನು ಎದ್ದು ಕಾಫಿ ಕುಡಿಯಲು ಹೋಗಿಬಿಡುತ್ತಿದ್ದೆ. ಹಲಸೂರಿನಲ್ಲಿ ನಮ್ಮದು ತಾತನ ಕಾಲದಿಂದ ಬಂದ ಶಾಮಿಯಾನದ ಅಂಗಡಿ. ಮದುವೆ, ನಾಮಕರಣ, ತಿಥಿ, ಉರುಸು, ಚರ್ಚಿನ ಹಬ್ಬ, ಎಲ್ಲಕ್ಕೂ ನೆರಳು ಕಟ್ಟಿಕೊಟ್ಟವರು ನಾವು. ಸ್ಮಶಾನಕ್ಕೆ ಅಂಟಿಕೊಂಡ ಮೈದಾನಗಳಲ್ಲಿ ಗಳ ನೆಟ್ಟು, ಅಲ್ಲೇ ಜಮಖಾನ ಹಾಸಿಕೊಂಡು ಎಷ್ಟೋ ರಾತ್ರಿ ಮಲಗಿದ್ದೇನೆ. ಸೊಳ್ಳೆ ಬಿಟ್ಟರೆ ಇನ್ಯಾರೂ ಬಂದು ನನ್ನನ್ನು ವಿಚಾರಿಸಿಕೊಂಡಿಲ್ಲ. ದೆವ್ವ ಕಂಡೆ ಎಂದವರಿಗೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಎಷ್ಟು ಪೆಗ್ ಆಗಿತ್ತು ಎಂದು.

ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ಆ ರಾತ್ರಿ ನಾನು ಕುಡಿದಿರಲಿಲ್ಲ, ಜ್ವರವೂ ಇರಲಿಲ್ಲ. ನಗುವವರು ನಗಬಹುದು. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಖಂಡಿತ ನಗುತ್ತಿದ್ದೆ.

ಇದಕ್ಕೆಲ್ಲ ಕಾರಣ ನನ್ನ ಹೆಂಡತಿಯ ತಮ್ಮ ಸತೀಶ. ತನ್ನ ತಾತ ರಾಗಿ ಬೆಳೆಯುತ್ತಿದ್ದ ಇಂದಿರಾನಗರದ ಜಾಗದಲ್ಲಿ ನಾಲ್ಕು ಮಹಡಿ ಕಟ್ಟಿಸಿ, ಬಾಡಿಗೆ ತಿಂದುಕೊಂಡಿರುವ ಆಸಾಮಿ. ಬೆಳಗ್ಗೆ ಎದ್ದರೆ ಮಾಡಲು ಕೆಲಸವಿಲ್ಲ, ಹಾಗಾಗಿ ತಿಂಗಳಿಗೊಂದು ಹೊಸ ಹುಳ ತಲೆಗೆ ಹೊಗುತ್ತದೆ. ಒಂದು ಸಲ ಅಣಬೆ ಬೆಳೆಸಿದ, ಒಂದು ಸಲ ಕತ್ತೆ ಹಾಲು ಎಂದ. ಕೆಲವು ವರ್ಷಗಳ ಹಿಂದೆ ಹೊಕ್ಕ ಹುಳದ ಹೆಸರು ಹ್ಯಾಮಕ್ ಕ್ಯಾಂಪಿಂಗ್. ಕೆ.ಆರ್. ಪುರದಿಂದ ಆಚೆಗೆ ಅವರ ಮನೆತನಕ್ಕೆ ಉಳಿದಿದ್ದ ಒಂದು ಮಾವಿನ ತೋಪಿತ್ತು. ಶನಿವಾರ ಭಾನುವಾರ ಕಂಪನಿಯವರು ಅಲ್ಲಿಗೆ ಬಂದು ಮರಕ್ಕೂ ಮರಕ್ಕೂ ನಡುವೆ ಬಟ್ಟೆ ಕಟ್ಟಿಕೊಂಡು ಅದರಲ್ಲಿ ಮಲಗುತ್ತಾರಂತೆ, ಅದಕ್ಕೆ ದುಡ್ಡನ್ನೂ ಕೊಡುತ್ತಾರಂತೆ.

ಹ್ಯಾಮಕ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಜೋಲಿ. ನಮ್ಮ ಅಜ್ಜಿ ಹಳೇ ಸೀರೆಯನ್ನು ತೊಲೆಗೆ ಕಟ್ಟಿ ಮಗು ಮಲಗಿಸುತ್ತಿದ್ದರಲ್ಲ, ಅದೇ. ಅದರಲ್ಲಿ ಈಗ ಗಡ್ಡ ಬಿಟ್ಟ ಗಂಡಸರು ಮಲಗುತ್ತಾರೆ. ನಾನು ಸತೀಶನಿಗೆ, ಜೊತೆಗೆ ಒಂದು ಗಿಲಕಿಯನ್ನೂ ಕೊಡು ಎಂದೆ. ಅವನಿಗೆ ಬೇಜಾರಾಗಲಿಲ್ಲ. ಅವನಿಗೆ ಬೇಜಾರು ಮಾಡುವುದು ಯಾರ ಕೈಲೂ ಆಗದ ಕೆಲಸ.

"ಭಾವ, ಮಳೆಗಾಲದಲ್ಲೂ ನಡೆಸ್ಬೋದು ಇದನ್ನ. ಮಳೇಲಿ ಮಲಗೋಕೆ ಅಂತಾನೇ ಬರೋರು ಇದಾರೆ. ಅವ್ರು ನೆನೀದೆ ಇದ್ರೆ ಸಾಕು."

"ನೆನೀಬಾರ್ದು ಅಂದ್ರೆ ಮನೇಲಿ ಮಲಗ್ಬೇಕಪ್ಪ."

"ಅದಕ್ಕೇ ತಾನೆ ನಿಮ್ಹತ್ರ ಬಂದಿರೋದು. ಟಾರ್ಪಾಲು ನಿಮ್ದು."

ಅವನು ಫೋನಿನಲ್ಲಿ ವಿಡಿಯೋ ತೋರಿಸಿದ. ಯಾವುದೋ ದೇಶದ ಕಾಡಿನಲ್ಲಿ ಒಬ್ಬ ಗಡ್ಡದವನು ಗಂಭೀರವಾಗಿ ಪಾಠ ಮಾಡುತ್ತಿದ್ದ. ಜೋಲಿಯ ಮೇಲೆ ಟಾರ್ಪಾಲನ್ನು ಗುಡಿಸಿಲಿನ ಸೂರಿನ ಹಾಗೆ ಎರಡೂ ಕಡೆ ಇಳಿಜಾರಾಗಿ, ನೆಲದ ಹತ್ತಿರಕ್ಕೆ ಎಳೆದು ಕಟ್ಟಬೇಕು. ಜೋಲಿಯ ಹಗ್ಗಕ್ಕೆ ಒಂದು ಮೋಟು ದಾರ ಕಟ್ಟಿ ಇಳಿಬಿಡಬೇಕು, ಮರದಿಂದ ಹಗ್ಗದ ಗುಂಟ ಬಂದ ನೀರು ಆ ದಾರ ಹಿಡಿದು ಕೆಳಗೆ ಇಳಿದುಹೋಗುತ್ತದೆ, ಮಲಗಿದವನ ಬೆನ್ನಿನವರೆಗೆ ಬರುವುದಿಲ್ಲ. ಸತೀಶ ಇದನ್ನು ಏನೋ ದೊಡ್ಡ ಶೋಧನೆ ಎಂಬಂತೆ ವಿವರಿಸಿದ. ನನಗೆ ಹೊಟ್ಟೆ ಉರಿಯಿತು. ಆ ದಾರದ ಉಪಾಯ ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನೋಡಿದ್ದೆ. ನಮ್ಮ ಅಂಗಡಿಯ ಬಾಷಾ ಭಾಯ್ ಶಾಮಿಯಾನದ ಪ್ರತಿಯೊಂದು ಹಗ್ಗಕ್ಕೂ ಒಂದು ಚಿಂದಿ ಬಟ್ಟೆ ಕಟ್ಟುತ್ತಿದ್ದರು, ಯಾವ ವಿಡಿಯೋ ನೋಡಿಯೂ ಅಲ್ಲ.

ಬಾಷಾ ಭಾಯ್ ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ನಾನು ಮುಚ್ಚಿಟ್ಟುಕೊಂಡಿದ್ದೆ ಎಂದಾಗುತ್ತದೆ. ಈಗಾಗಲೇ ಬಹಳ ವರ್ಷ ಮುಚ್ಚಿಟ್ಟುಕೊಂಡದ್ದಾಗಿದೆ.

ಅವರು ಶಿವಾಜಿನಗರದವರು. ಅಪ್ಪನ ಬಳಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದ್ದರು. ಕಟ್ಟುವ ಕೆಲಸದಲ್ಲಿ ಅವರೇ ಹಿರಿಯಾಳು. ನನ್ನನ್ನು ಜನರೆದುರು ಯಜಮಾನ್ರೇ ಎಂದೂ ಯಾರಿಲ್ಲದಾಗ ಬೇಟಾ ಎಂದೂ ಕರೆಯುತ್ತಿದ್ದರು. ಅವರ ನಿಜವಾದ ಕೈಚಳಕ ನೋಡಬೇಕಾದರೆ ಮಳೆ ಬರಬೇಕಿತ್ತು. ಶಾಮಿಯಾನದ ಮೇಲೆ ನೀರು ನಿಂತರೆ ಬಟ್ಟೆ ಜೋತುಬಿದ್ದು ಹೊಟ್ಟೆ ಬಿಡುತ್ತದೆ. ಆ ಹೊಟ್ಟೆ ದೊಡ್ಡದಾಗುವ ಮೊದಲೇ ಕೆಳಗಿನಿಂದ ಕೋಲು ಕೊಟ್ಟು, ನೀರನ್ನು ಅಂಚಿಗೆ ಸಾಗಿಸಿ ಹೊರಗೆ ಚೆಲ್ಲಬೇಕು. ಇದಕ್ಕೆ ನಾವು ನೀರೆತ್ತುವುದು ಎನ್ನುತ್ತೇವೆ. ಬಾಷಾ ಭಾಯ್ ತಮ್ಮ ಕೋಲಿನ ತುದಿಗೆ ಹಳೇ ಲುಂಗಿಯ ಬಟ್ಟೆಯನ್ನು ಮುಷ್ಟಿ ಗಾತ್ರಕ್ಕೆ ಸುತ್ತಿರುತ್ತಿದ್ದರು, ಮೇಲಿನ ಬಟ್ಟೆ ಹರಿಯಬಾರದೆಂದು. ನಡುವೆ ತಿವಿಯುತ್ತಿರಲಿಲ್ಲ. ಅಂಚಿನ ಹತ್ತಿರ ಮೆಲ್ಲಗೆ ಎತ್ತಿ, ಅರ್ಧ ಹೆಜ್ಜೆ ಸರಿದು ಮತ್ತೆ ಎತ್ತಿ, ನೀರನ್ನು ಒಂದು ಮೂಲೆಗೆ ನಡೆಸಿಕೊಂಡು ಹೋಗುತ್ತಿದ್ದರು. ನೀರು ಹೊರಗೆ ಬಿದ್ದ ಮೇಲೆ ಕೋಲನ್ನು ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದರು, ದಬ್ ದಬ್ ಎಂದು. ಕೆಳಗೆ ಊಟಕ್ಕೆ ಕೂತವರು ತಲೆ ಎತ್ತಿ ನೋಡುವ ಅಗತ್ಯವಿಲ್ಲ, ಆಯಿತು ಎಂದು ಅದರ ಅರ್ಥ. ನಾನು ಬೇರೆ ಯಾರೂ ಹಾಗೆ ಕುಟ್ಟಿದ್ದನ್ನು ನೋಡಿಲ್ಲ.

ಒಂದು ವರ್ಷ ಕಮ್ಮನಹಳ್ಳಿಯ ಮೈದಾನದಲ್ಲಿ ಒಂದು ಮದುವೆ ಒಪ್ಪಿಕೊಂಡೆವು. ಅಪ್ಪನಿಗೆ ಮಂಡಿನೋವು, ಅಂಗಡಿ ಆಗ ತಾನೇ ನನ್ನ ಕೈಗೆ ಬಂದಿತ್ತು, ನನಗೆ ಮೈತುಂಬ ಕೊಬ್ಬು. ಹುಡುಗಿಯ ಕಡೆಯವರು ಮೇಲಿನಿಂದ ಫೋಟೋ ತೆಗೆಸುತ್ತೇವೆ, ಬಿಳಿ ಬಟ್ಟೆ ಇಸ್ತ್ರಿ ಮಾಡಿದ ಹಾಗೆ ಕಾಣಬೇಕು ಎಂದಿದ್ದರು. ನಾನು ಶಾಮಿಯಾನವನ್ನು ಸಮತಟ್ಟಾಗಿ ಎಳೆದು ಕಟ್ಟಿಸಿದೆ. "ಒಂದ್ ಸೈಡು ಇಳಿಜಾರು ಕೊಡಿ ಯಜಮಾನ್ರೇ, ಮೋಡ ಐತೆ" ಎಂದರು ಬಾಷಾ ಭಾಯ್. ನಿಮ್ಮ ಕಾಲದ ಕೆಲಸ ಈಗ ನಡೆಯೋಲ್ಲ ಎಂದು ಆಳುಗಳೆಲ್ಲರ ಮುಂದೆ ಹೇಳಿ, ಕುರ್ಚಿ ಎತ್ತಿಸಿಕೊಂಡು ಬರಲು ಅವರನ್ನು ಟಿನ್ ಫ್ಯಾಕ್ಟರಿಯ ಹತ್ತಿರದ ಇನ್ನೊಂದು ಜಾಗಕ್ಕೆ ಕಳಿಸಿಬಿಟ್ಟೆ.

ಸರಿಯಾಗಿ ಧಾರೆಯ ಹೊತ್ತಿಗೆ ಮಳೆ ಬಂತು. ಮಂಟಪದ ಮೇಲೆಯೇ ಬಟ್ಟೆ ಹೊಟ್ಟೆ ಬಿಟ್ಟಿತು. ನೀರೆತ್ತಲು ಗೊತ್ತಿಲ್ಲದ ಒಬ್ಬ ಆಳು ಬರಿಯ ಗಳದಿಂದ ನಡುವೆಯೇ ತಿವಿದ. ಅಷ್ಟೂ ನೀರು ಹುಡುಗ ಹುಡುಗಿಯ ತಲೆಯ ಮೇಲೆ ಸುರಿದು, ಹೋಮದ ಬೆಂಕಿ ಆರಿ, ಆ ಹುಡುಗಿ ಮುಖದ ಅರಿಶಿನ ಇಳಿಯುತ್ತಾ ನಡುಗುತ್ತಾ ನಿಂತಳು. ಅವಳ ಅಜ್ಜಿ ಅಪಶಕುನ ಎಂದು ಗೋಳಾಡತೊಡಗಿದರು. ಹುಡುಗಿಯ ಸೋದರಮಾವ ನನ್ನ ಕಾಲರ್ ಹಿಡಿದು, "ಯಾರೋ ಇದನ್ನ ಕಟ್ಟಿದ್ದು?" ಎಂದ. ಆಗ ಬಾಷಾ ಭಾಯ್ ಒಳಗೆ ಓಡಿ ಬಂದರು. ಮಳೆ ಕಂಡ ಕೂಡಲೇ ಟೆಂಪೊ ಹತ್ತಿ ಬಂದಿದ್ದರು, ಕೈಯಲ್ಲಿ ಬಟ್ಟೆ ಸುತ್ತಿದ ಕೋಲಿತ್ತು. ನನ್ನ ಬೆರಳು ತಾನಾಗಿ ಎದ್ದಿತು ಎಂದು ಬರೆಯಲು ಮನಸ್ಸಾಗುತ್ತಿದೆ. ಅದು ಸುಳ್ಳು. ನಾನೇ ಬೆರಳೆತ್ತಿ ಅವರನ್ನು ತೋರಿಸಿದೆ.

ಅವರು ಒಂದು ಸಲ ನನ್ನನ್ನು ನೋಡಿದರು. ಕೋಲನ್ನು ಕೆಳಗಿಟ್ಟು, ಹುಡುಗಿಯ ಕಡೆಯವರಿಗೆ ಕೈ ಮುಗಿದು, "ತಪ್ಪಾಯ್ತು, ಮಾಫ್ ಮಾಡಿ" ಎಂದರು. ಮಾರನೆಯ ದಿನ ಅಪ್ಪ ಅವರಿಗೆ ಇನ್ನು ಬರಬೇಡ ಎಂದ. ನಮ್ಮ ಕಸುಬಿನಲ್ಲಿ ಸುದ್ದಿ ಬಹಳ ಬೇಗ ಓಡುತ್ತದೆ. ಮದುಮಗಳ ಮೇಲೆ ನೀರು ಸುರಿಸಿದವನೆಂದು ಹೆಸರು ಬಿದ್ದವನನ್ನು ಹಲಸೂರಿನಿಂದ ಕೆ.ಆರ್. ಪುರದವರೆಗೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅಪ್ಪ ಸಾಯುವವರೆಗೂ ತಪ್ಪು ಬಾಷಾನದೇ ಎಂದು ನಂಬಿದ್ದ. ನಾನು ಬಾಯಿ ಬಿಡಲಿಲ್ಲ. ಶಿವಾಜಿನಗರದಲ್ಲಿ ಸಿಗುವ ಹಗ್ಗ, ಟಾರ್ಪಾಲಿನ ಅಂಚಿಗೆ ಹಾಕುವ ರಿಂಗುಗಳಿಗಾಗಿ ಸುತ್ತು ಹಾಕಿಕೊಂಡು ಚಿಕ್ಕಪೇಟೆಗೆ ಹೋಗುತ್ತಿದ್ದೆ, ಅವರು ಎಲ್ಲಿ ಎದುರಾಗುತ್ತಾರೋ ಎಂದು. ಆ ಮದುವೆಯಾದ ಮೇಲೂ ನಾನು ಪ್ರತಿಯೊಂದು ಶಾಮಿಯಾನವನ್ನೂ ಸಮತಟ್ಟಾಗಿಯೇ ಕಟ್ಟಿಸಿದೆ. ಕಬ್ಬಿಣದ ಪೈಪು, ಒಳಗೆ ಪ್ಲಾಸ್ಟಿಕ್ಕು, ಏನೇನೋ ಸರ್ಕಸ್ಸು ಮಾಡಿ ನಿಭಾಯಿಸಿದೆ. ಇಳಿಜಾರು ಕೊಟ್ಟರೆ ಒಪ್ಪಿಕೊಂಡ ಹಾಗಾಗುತ್ತಿತ್ತಲ್ಲ.

ಇಷ್ಟು ಗೊತ್ತಿದ್ದರೆ ತೋಪಿನಲ್ಲಿ ನಾನು ಮಾಡಿದ್ದು ಅರ್ಥವಾದೀತು. ಗಿರಾಕಿಗಳನ್ನು ಕರೆಯುವ ಮೊದಲು ಒಂದು ರಾತ್ರಿ ನಾವಿಬ್ಬರೇ ಮಲಗಿ ನೋಡೋಣ ಎಂದ ಸತೀಶ. ಜೂನ್ ತಿಂಗಳು, ಸಂಜೆಯಾದರೆ ಮಳೆ. ಅವನು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಂಡ ಕಿತ್ತಳೆ ಬಣ್ಣದ ಮಳೆಜಾಕೆಟ್ ಹಾಕಿಕೊಂಡು ರಸ್ತೆಗುಡಿಸುವ ಗಾಡಿಯ ಹಾಗೆ ಹೊಳೆಯುತ್ತಿದ್ದ. ತನ್ನ ಜೋಲಿಯ ಮೇಲೆ ವಿಡಿಯೋದವನು ಹೇಳಿದಂತೆ ಗುಡಿಸಿಲಿನಂತೆ ಟಾರ್ಪಾಲು ಕಟ್ಟಿಕೊಂಡ. ನಾನು ಅದನ್ನು ನೋಡಿ ಮೂಗು ಮುರಿದೆ. ಸಾವಿರ ಜನರನ್ನು ನೆನೆಯದ ಹಾಗೆ ಕಾದವನಿಗೆ ಒಂದು ಜೋಲಿ ಯಾವ ಲೆಕ್ಕ? ಹದಿನೈದು ಅಡಿ ಚೌಕದ ಟಾರ್ಪಾಲನ್ನು ನಾಲ್ಕು ಮರಕ್ಕೆ ಬಿಗಿದು, ಒಂದು ಸುಕ್ಕೂ ಇಲ್ಲದಂತೆ ಸಮತಟ್ಟಾಗಿ ಎಳೆದೆ. ಹಗ್ಗಕ್ಕೆ ಚಿಂದಿ ಮಾತ್ರ ಕಟ್ಟಿದೆ. ಕೈಗೆ ಅಭ್ಯಾಸವಾಗಿತ್ತು, ಕೈಯನ್ನು ಯಾರು ಕೇಳುತ್ತಾರೆ.

"ಭಾವ, ಫ್ಲಾಟಾಗಿ ಕಟ್ಟಿದ್ರೆ ನೀರು ನಿಲ್ಲಲ್ವಾ?"

"ನಿನ್ ವಿಡಿಯೋದವನು ಎಷ್ಟ್ ಮದ್ವೆ ಮಾಡ್ಸಿದಾನೆ ಕೇಳು."

ಹತ್ತು ಗಂಟೆಯ ಮೇಲೆ ಮೊದಲ ಗುಡುಗು ಬಂತು. ಎರಡನೆಯ ಗುಡುಗಿಗೆ ಸತೀಶ, "ಭಾವ, ನಾನು ಕಾರಲ್ಲಿರ್ತೀನಿ, ನೀವೂ ಬನ್ನಿ" ಎಂದು ಓಡಿದ. ಕಾರು ತೋಪಿನ ಗೇಟಿನ ಬಳಿ, ಕೂಗಿದರೆ ಕೇಳದಷ್ಟು ದೂರದಲ್ಲಿತ್ತು. ಕಾವಲಿನವನು ಸಂಜೆಯೇ ಮನೆಗೆ ಹೋಗಿದ್ದ. ನಾನು ನಗುತ್ತಾ ಜೋಲಿಯ ಸೊಳ್ಳೆಪರದೆಯ ಜಿಪ್ಪು ಎಳೆದುಕೊಂಡೆ. ಬೇಕಾದರೆ ಈಗ ಒಪ್ಪಿಕೊಳ್ಳುತ್ತೇನೆ, ಜೋಲಿಯಲ್ಲಿ ಮಲಗುವುದು ಹಿತವಾಗಿತ್ತು. ಮಳೆಯ ಸದ್ದಿಗೆ ಚೆನ್ನಾಗಿ ನಿದ್ದೆ ಬಂತು.

ಎಚ್ಚರವಾದದ್ದು ಹಣೆಗೆ ಏನೋ ತಣ್ಣಗೆ ಒತ್ತಿದ್ದರಿಂದ. ಕೈಯಿಟ್ಟು ನೋಡಿದರೆ, ಪರದೆಯ ಆಚೆ, ಟಾರ್ಪಾಲು. ನನ್ನ ಮೇಲೆ ನಾಲ್ಕಡಿ ಎತ್ತರದಲ್ಲಿ ಇರಬೇಕಾದದ್ದು ಜೋತು ಜೋತು ಮುಖದ ಮೇಲೆ ಕೂತಿತ್ತು. ಎಷ್ಟು ನೀರು ತುಂಬಿರಬಹುದೆಂದು ನಮ್ಮ ಕಸುಬಿನವನಿಗೆ ಕೈಯಿಟ್ಟರೆ ಗೊತ್ತಾಗುತ್ತದೆ. ಒಂದು ರಿಂಗು ಕಿತ್ತುಕೊಂಡರೆ ಅಷ್ಟೂ ನನ್ನ ಎದೆಯ ಮೇಲೆ. ಜಿಪ್ಪು ಎಳೆದೆ, ಅದು ಪರದೆಯ ಬಟ್ಟೆ ಕಚ್ಚಿಕೊಂಡು ಅರ್ಧದಲ್ಲಿ ನಿಂತಿತು. ಟಾರ್ಚು ಎಲ್ಲೋ ಕೆಳಗೆ ಬಿದ್ದಿತ್ತು. ಸತೀಶಾ ಎಂದು ಕೂಗಿದೆ. ಆ ಮಳೆಯಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಚೀಲದೊಳಗೆ ಸಿಕ್ಕಿಬಿದ್ದ ಕೋಳಿಯ ಹಾಗೆ ಒದ್ದಾಡಿದೆ. ಹೆದರಿಕೆಯಾಗಿತ್ತು, ನಿಜವಾಗಿಯೂ ಹೆದರಿಕೆಯಾಗಿತ್ತು.

ಆಗ ಟಾರ್ಪಾಲು ಮೇಲೆದ್ದಿತು. ಗಾಳಿಗೆ ಪಟಪಟ ಬಡಿದುಕೊಂಡದ್ದಲ್ಲ, ಅದರ ವ್ಯತ್ಯಾಸ ನನಗೆ ಗೊತ್ತು. ನನ್ನ ಕಾಲಿನ ಕಡೆಯ ಅಂಚಿನ ಹತ್ತಿರ ಮೆಲ್ಲಗೆ ಒಂದು ಕಡೆ ಎದ್ದಿತು, ಇಳಿಯಿತು. ಅರ್ಧ ಹೆಜ್ಜೆ ಈಚೆಗೆ ಮತ್ತೆ ಎದ್ದಿತು. ಮುಖದ ಮೇಲಿನ ಭಾರ ಸರಿಯುತ್ತಾ ಹೋಯಿತು. ನೀರು ತಲೆಯ ಮೇಲಿಂದ ಬಲಗಡೆಯ ಮೂಲೆಗೆ ನಡೆದುಹೋಗುವುದು ಬಟ್ಟೆಯ ಒಳಗಿನಿಂದ ಗೊತ್ತಾಗುತ್ತಿತ್ತು. ಆಮೇಲೆ ಕೊಡಗಟ್ಟಲೆ ನೀರು ಒಟ್ಟಿಗೇ ಹೊರಗೆ ಬಿದ್ದ ಸದ್ದು. ಅದರ ಹಿಂದೆಯೇ, ನನ್ನ ಪಕ್ಕದಲ್ಲಿ, ನೆಲದ ಮೇಲೆ: ದಬ್ ದಬ್.

ಯಾರು ಎಂದೆ. ಒಂದು ಸಲ ಮಿಂಚು ಹೊಡೆದಾಗ ಟಾರ್ಪಾಲಿನಲ್ಲಿ ಮುಷ್ಟಿಯಷ್ಟು ಗಾತ್ರದ ಒಂದು ಗುಬುಟು ಮೇಲಕ್ಕೆ ಎದ್ದು ನಿಂತಿದ್ದನ್ನು ಕಂಡೆ. ಅದರ ಕೆಳಗೆ ಕೋಲಿತ್ತೇ, ಕೋಲು ಹಿಡಿದವರಿದ್ದರೇ ಎಂದು ನೋಡುವಷ್ಟು ಹೊತ್ತು ಮಿಂಚು ನಿಲ್ಲಲಿಲ್ಲ, ಪರದೆಯೂ ಮುಖಕ್ಕೆ ಅಂಟಿಕೊಂಡಿತ್ತು. ಇತ್ತು ಎಂದರೂ ಸುಳ್ಳು, ಇರಲಿಲ್ಲ ಎಂದರೂ ಸುಳ್ಳು. ಮಳೆ ನಿಲ್ಲಲಿಲ್ಲ. ಕಾಲು ಗಂಟೆಗೊಮ್ಮೆ ಟಾರ್ಪಾಲು ತುಂಬುತ್ತಾ ಬಂದಾಗೆಲ್ಲ ಅದೇ ಅಂಚಿನಿಂದ, ಅದೇ ನಿಧಾನದಲ್ಲಿ ಅದು ನಡೆಯಿತು. ಪ್ರತಿ ಸಲವೂ ಎರಡು ಕುಟ್ಟು.

ಬಾಷಾ ಭಾಯ್ ಎಂದು ಕರೆಯಲು ಒಂದು ಸಲ ಬಾಯಿ ತೆರೆದೆ. ಕರೆಯಲಿಲ್ಲ. ದೆವ್ವದ ಭಯಕ್ಕಲ್ಲ. ಓ ಎಂದುಬಿಟ್ಟರೆ ಮುಂದೆ ನಾನೇನು ಹೇಳಬೇಕಿತ್ತು? ಆ ಯೋಚನೆಯಲ್ಲೇ ಬೆಳಗಿನ ತನಕ ಕಣ್ಣು ಬಿಟ್ಟುಕೊಂಡು ಬಿದ್ದಿದ್ದೆ.

ಬೆಳಗಾದಾಗ ಮಳೆ ನಿಂತಿತ್ತು. ಜಿಪ್ಪನ್ನು ಹಲ್ಲಿನಿಂದ ಕಚ್ಚಿ ಬಿಡಿಸಿಕೊಂಡು ಇಳಿದೆ. ನನ್ನ ಅಂಗಿ, ಹೊದಿಕೆ, ಕೆಳಗೆ ಬಿಟ್ಟಿದ್ದ ಚಪ್ಪಲಿ, ಯಾವುದಕ್ಕೂ ಒಂದು ಹನಿ ತಾಗಿರಲಿಲ್ಲ. ಟಾರ್ಪಾಲಿನ ಬಲಗಡೆಯ ಮೂಲೆಯ ಕೆಳಗೆ ಮಾತ್ರ ನೆಲ ಕೊರೆದು ಹೊಂಡವಾಗಿತ್ತು. ಕೋಲೊಂದಕ್ಕಾಗಿ ತೋಪೆಲ್ಲ ಹುಡುಕಿದೆ. ಜೋಲಿಗೆ ಮರವಿದ್ದರೆ ಸಾಕೆಂದು ನಾವು ಒಂದು ಗಳವನ್ನೂ ತಂದಿರಲಿಲ್ಲ, ಅಲ್ಲಿ ಬೇರೆ ಕೋಲೂ ಸಿಗಲಿಲ್ಲ. ಹೆಜ್ಜೆಗುರುತಿಗಾಗಿ ನೆಲ ನೋಡಬೇಕು ಎಂದು ಹೊಳೆಯುವಷ್ಟರಲ್ಲಿ ನಾನೇ ಅಲ್ಲೆಲ್ಲ ತುಳಿದಾಡಿಬಿಟ್ಟಿದ್ದೆ. ಬೇರೆಯವರ ಕಥೆಯಲ್ಲಿ ಇಂಥ ದಡ್ಡತನ ಕಂಡಿದ್ದರೆ ಎಷ್ಟು ಆಡಿಕೊಳ್ಳುತ್ತಿದ್ದೆನೋ. ಜೋಲಿಯ ಕೆಳಗಿನ ಒಣಮಣ್ಣಿನಲ್ಲಿ ಕೋಲಿನಿಂದ ಕುಟ್ಟಿದಂಥ ನಾಲ್ಕೈದು ಜೊತೆ ದುಂಡು ಗುರುತುಗಳು ಉಳಿದಿದ್ದವು. ಟಾರ್ಪಾಲಿನ ಒಳಮೈಯಲ್ಲಿ ಅಂಚಿನುದ್ದಕ್ಕೂ ಮುಷ್ಟಿಯಗಲದ ಮಸುಕು ಕಲೆಗಳು. ಒಂದು ಕಡೆಯೂ ತೂತಾಗಿರಲಿಲ್ಲ.

ಸತೀಶ ಕಾರಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಉಸಿರಾಡಲೆಂದು ಕಿಟಕಿಯನ್ನು ಎರಡು ಬೆರಳು ಇಳಿಸಿದ್ದ, ಆ ಜಾಕೆಟ್ ಹಾಕಿಕೊಂಡೂ ಎಡಭುಜ ಪೂರ್ತಿ ನೆನೆದಿತ್ತು. ರಾತ್ರಿ ಬಂದಿದ್ದೆಯಾ ಎಂದು ಕೇಳಿದೆ. "ನಾನ್ಯಾಕ್ ಬರ್ಲಿ ಭಾವ, ನಂಗೇನ್ ಹುಚ್ಚಾ?" ಎಂದ. ಅವನ ಬೂಟಿನಲ್ಲಿ ಕೆಸರಿರಲಿಲ್ಲ. ಇಷ್ಟಕ್ಕೂ ನೀರೆತ್ತಲು ಅವನಿಗೆ ಬಂದಿದ್ದರೆ ನಾನು ಅವನ ಕಾಲಿಗೆ ಬೀಳುತ್ತಿದ್ದೆ. ಅವನು ಬಂದು ನನ್ನ ಜೋಲಿಯನ್ನು ಮುಟ್ಟಿ ನೋಡಿ ಕಣ್ಣರಳಿಸಿದ.

"ಭಾವ, ಏನ್ ಗುರು ಇದು, ಒಂದ್ ಹನೀನೂ ಇಲ್ಲ. ನಿಮ್ ಸ್ಟೈಲಲ್ಲೇ ಫ್ಲಾಟಾಗಿ ಕಟ್ಸೋಣ ಎಲ್ಲಾದಕ್ಕೂ."

"ಬೇಡ. ಇಳಿಜಾರು ಕೊಟ್ಟು ಕಟ್ಟು," ಎಂದೆ. ಹತ್ತು ವರ್ಷಗಳಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂದಿತ್ತು.

ಅವನು ನನಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿ, ಟಾರ್ಪಾಲನ್ನು ಒದ್ದೆ ನೆಲದ ಮೇಲೆ ಹರಡಿ ಮಡಚಿಬಿಟ್ಟ. ಕಲೆಗಳೆಲ್ಲ ಕೆಸರಿನಲ್ಲಿ ಹೋದವು.

ವಾಪಸ್ಸು ಬರುವಾಗ ಟಿನ್ ಫ್ಯಾಕ್ಟರಿಯ ಬಳಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅಲ್ಲಿ ಕೂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಾಳಿಗೆ ಟಾರ್ಪಾಲು ಎದ್ದು ನೀರು ಚೆಲ್ಲಿರಬಹುದು. ಕುಟ್ಟಿದ ಸದ್ದು ಮಾವಿನಹಣ್ಣು ಬಿದ್ದದ್ದಿರಬಹುದು. ಆದರೆ ಮಾವಿನಹಣ್ಣು ಇಡೀ ರಾತ್ರಿ ಎರಡೆರಡೇ ಬೀಳುವುದಿಲ್ಲ, ಗಾಳಿ ಅಂಚು ಹಿಡಿದು ಅರ್ಧ ಹೆಜ್ಜೆಯಂತೆ ನಡೆಯುವುದಿಲ್ಲ. ನನ್ನ ಸಮಾಧಾನಗಳು ದೆವ್ವದ ಕಥೆ ಹೇಳುವವರ ಮಾತಿಗಿಂತ ಪೊಳ್ಳಾಗಿದ್ದವು. ಬಾಷಾ ಭಾಯ್ ತೀರಿಹೋಗಿರಬೇಕು ಎಂಬ ಯೋಚನೆ ಬಂತು. ಹಾಗಿದ್ದರೆ ನಾನು ಹೇಳಬೇಕಾದದ್ದನ್ನು ಇನ್ನು ಯಾರಿಗೆ ಹೇಳುವುದು? ಹಲಸೂರಿನಲ್ಲಿ ಇಳಿಯಬೇಕಾದವನು ಇಳಿಯಲಿಲ್ಲ. ಶಿವಾಜಿನಗರಕ್ಕೆ ಬಿಡು ಎಂದೆ.

ಹಳೇ ಗಲ್ಲಿಯಲ್ಲಿ ಟಾರ್ಪಾಲು ಹೊಲಿಯುವ ಅಂಗಡಿ ಇನ್ನೂ ಇತ್ತು. ಹೊಲಿಯುವವನು ನನ್ನ ಗುರುತು ಹಿಡಿದು, ಕೂತುಕೊಳ್ಳಿ ಎನ್ನದೆ ಮಿಷನ್ನು ತುಳಿಯುತ್ತಲೇ ಇದ್ದ. ಬಾಷಾ ಭಾಯ್ ಇದ್ದಾರೆಯೇ ಎಂದು ಕೇಳಿದೆ. "ಇದಾರೆ. ಮೂರ್ ವರ್ಷ ಆಯ್ತು, ಯಾರ್ದೂ ಗುರ್ತು ಸಿಗಲ್ಲ ಅವ್ರಿಗೆ. ಹಿಂದಿನ್ ಬಿಲ್ಡಿಂಗು, ಎರಡ್ನೇ ಮಹಡಿ, ಮಗಳ ಮನೇಲಿ," ಎಂದ. ತೀರಿಹೋಗಿಲ್ಲ ಎಂಬುದು ನನಗೆ ಸಮಾಧಾನ ತಂದಿತು ಎಂದು ನೀವು ತಿಳಿದರೆ ತಪ್ಪು. ಸತ್ತವರಾಗಿದ್ದರೆ ಮೆಟ್ಟಿಲು ಹತ್ತುವ ಕೆಲಸ ತಪ್ಪುತ್ತಿತ್ತು.

ಬಾಗಿಲು ತೆಗೆದದ್ದು ನಸ್ರೀನ್, ಬಾಷಾ ಭಾಯ್ ಮಗಳು. ಹಬ್ಬಕ್ಕೆ ನಮ್ಮ ಮನೆಗೆ ಬಿರಿಯಾನಿ ತರುತ್ತಿದ್ದ ಪುಟ್ಟ ಹುಡುಗಿಯ ತಲೆಗೂದಲು ಅಲ್ಲಲ್ಲಿ ಬಿಳಿಯಾಗಿತ್ತು. ನನ್ನನ್ನು ನೋಡಿ ಒಂದು ಕ್ಷಣ ನಿಂತು, ಆಮೇಲೆ ದಾರಿ ಬಿಟ್ಟಳು. ಒಳಗೆ ಮಂಚದ ಮೇಲೆ ಬಾಷಾ ಭಾಯ್ ಕೂತಿದ್ದರು. ಸೊರಗಿ ಅರ್ಧವಾಗಿದ್ದರು. ಅವರ ಎರಡೂ ಮುಂಗೈಗೆ ನಸ್ರೀನ್ ಎಣ್ಣೆ ಹಚ್ಚಿ ಉಜ್ಜುತ್ತಿದ್ದಳೆಂದು ಕಾಣುತ್ತದೆ, ಬಟ್ಟಲು ಪಕ್ಕದಲ್ಲಿತ್ತು. ಕೈಗಳು ಬಾತುಕೊಂಡಿದ್ದವು. ಏನಾಯಿತು ಎಂದು ಕೇಳಿದೆ.

"ಮಳೆ ಬಂದ್ರೆ ಹಿಂಗೇ ಅಣ್ಣ. ನೆಲ ಒರೆಸೋ ಕೋಲಿಗೆ ಬಟ್ಟೆ ಸುತ್ಕೊಂಡು ಸೀಲಿಂಗ್ ಎತ್ತಕ್ಕೆ ಹೋಗ್ತಾರೆ. ಸ್ವಲ್ಪ ಹೊತ್ತಿಗೆ ಸುಸ್ತಾಗಿ ಮಲಗ್ಬಿಡ್ತಿದ್ರು. ನೆನ್ನೆ ರಾತ್ರಿ ಬೆಳಗಿನ್ ತನಕ ಬಿಡ್ಲೇ ಇಲ್ಲ. ಹಿಡ್ಕೊಂಡ್ರೆ ತಳ್ತಾರೆ. ಕೆಳಗಡೆ ಮನೆಯವ್ರು ಬಂದು ಬೈದ್ಹೋದ್ರು, ಎರಡೆರಡ್ ಸಲ ಕುಟ್ತಾರೆ ನಿಮ್ಮಪ್ಪ, ನಿದ್ದೆ ಬರಲ್ಲ ಅಂತ."

ನಾನು ತಲೆ ಎತ್ತಿ ನೋಡಿದೆ. ಸುಣ್ಣ ಬಳಿದ ಚಾವಣಿಯ ಒಂದು ಗೋಡೆಯ ಅಂಚಿನುದ್ದಕ್ಕೂ ಮುಷ್ಟಿಯಗಲದ ಕಲೆಗಳಿದ್ದವು, ಅರ್ಧರ್ಧ ಹೆಜ್ಜೆ ದೂರದಲ್ಲಿ, ಒಂದು ಮೂಲೆಯವರೆಗೆ. ಮಳೆ ಬಂದಾಗೆಲ್ಲ ಎತ್ತುವವರು ನಿನ್ನೆಯೂ ಎತ್ತಿದ್ದಾರೆ, ಮಳೆ ಇಲ್ಲೂ ಬಂದಿದೆ ಅಲ್ಲೂ ಬಂದಿದೆ, ಅಷ್ಟೇ. ಹೀಗೆ ಹೇಳಿಕೊಳ್ಳಬಹುದಿತ್ತು, ಹೇಳಿಕೊಂಡೆ ಕೂಡ. ಆದರೂ ಮಂಚದ ಮುಂದೆ ನೆಲದ ಮೇಲೆ ಕೂತುಬಿಟ್ಟೆ.

ಅವರು ನನ್ನನ್ನು ಗೋಡೆಯನ್ನು ನೋಡುವಂತೆ ನೋಡುತ್ತಿದ್ದರು. ನಾನು ಹೇಳಿದೆ. ಕಮ್ಮನಹಳ್ಳಿ ಮದುವೆಯಲ್ಲಿ ಸಮತಟ್ಟಾಗಿ ಕಟ್ಟಿಸಿದ್ದು ನಾನು, ನಿಮ್ಮನ್ನು ದೂರ ಕಳಿಸಿದ್ದು ನಾನು, ಬೆರಳು ತೋರಿಸಿದ್ದೂ ನಾನೇ, ಅಪ್ಪನಿಗೂ ಹೇಳಲಿಲ್ಲ. ಇಷ್ಟೇ ಮಾತು. ಹತ್ತು ವರ್ಷ ಹೊತ್ತುಕೊಂಡು ತಿರುಗಿದ್ದು ಹೇಳಿ ಮುಗಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಉತ್ತರ ಕೊಟ್ಟವಳು ನಸ್ರೀನ್.

"ಅಬ್ಬಾಗೆ ಗೊತ್ತಿಲ್ದೇ ಇತ್ತಾ ಅಣ್ಣ? ನಮ್ಗೂ ಗೊತ್ತಿತ್ತು. ಒಂದಿನ ನೀವು ಬರ್ತೀರ, ಬಂದು ಹೇಳ್ತೀರ ಅಂತ ಮಳೆ ಬಂದಾಗೆಲ್ಲ ಬಾಗ್ಲು ನೋಡ್ತಿದ್ರು. ಈಗ ಯಾರ್ಗೆ ಹೇಳ್ತಿದೀರ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಜನ್ಮವಿಡೀ ಬೇರೆಯವರ ಮೇಲೆ ಪ್ರಯೋಗಿಸಿದ ತಾತ್ಸಾರವಿತ್ತು. ಅದು ಹೇಗೆ ತಾಗುತ್ತದೆ ಎಂದು ಆವತ್ತು ಗೊತ್ತಾಯಿತು. ಎದ್ದು ಹೊರಡಲು ಮಂಚ ಹಿಡಿದುಕೊಂಡೆ.

ಆಗ ಬಾಷಾ ಭಾಯ್ ಕೈ ಚಾಚಿ ನನ್ನ ಅಂಗಿಯ ಭುಜವನ್ನು ಮುಟ್ಟಿದರು. ರಾತ್ರಿ ಜೋಲಿಯಲ್ಲಿ ಹಾಕಿಕೊಂಡಿದ್ದ ಅಂಗಿಯೇ ಅದು. ಭುಜ, ತೋಳು, ಕಾಲರು, ಒಂದೊಂದಾಗಿ ಬೆರಳಿನಿಂದ ಹಿಸುಕಿ ನೋಡಿದರು, ನಮ್ಮ ಗೋಡೌನಿನಲ್ಲಿ ಒಣಹಾಕಿದ ಬಟ್ಟೆಯನ್ನು ಮಡಚುವ ಮೊದಲು ನೋಡುತ್ತಿದ್ದ ಹಾಗೆ. ಕಾಯಿಲೆ ಬಿದ್ದ ಮೇಲೆ ಅವರು ಮನೆಯ ಭಾಷೆ ಬಿಟ್ಟರೆ ಕನ್ನಡದಲ್ಲಿ ಒಂದು ಮಾತೂ ಆಡಿರಲಿಲ್ಲವಂತೆ, ನಸ್ರೀನ್ ಆಮೇಲೆ ಹೇಳಿದಳು. ನನಗೆ ಅವರು ಕನ್ನಡದಲ್ಲೇ ಕೇಳಿದರು.

"ನೆನೀಲಿಲ್ಲ ತಾನೆ ಬೇಟಾ?"

ಇಲ್ಲ ಬಾಷಾ ಭಾಯ್, ಒಂದು ಹನಿಯೂ ಬೀಳಲಿಲ್ಲ ಎಂದೆ. ಅವರು ತಲೆಯಾಡಿಸಿ ಮತ್ತೆ ಗೋಡೆಯ ಕಡೆ ತಿರುಗಿದರು. ಅದಾದ ಮೇಲೆ ಅವರು ಬದುಕಿದ್ದ ಒಂದು ವರ್ಷದಲ್ಲಿ ನಾನು ಮಳೆ ಬಂದಾಗೆಲ್ಲ ಅಲ್ಲಿಗೆ ಹೋದೆ, ಪಕ್ಕದಲ್ಲಿ ಕೂತೆ. ಇನ್ನೊಂದು ಮಾತು ನನ್ನೊಂದಿಗೆ ಆಡಲಿಲ್ಲ. ಕಸುಬಿನವರಿಗೆಲ್ಲ ನಿಜ ಹೇಳಿದ್ದೇನೆ. ಕೆಲವರು ಮುಖಕ್ಕೆ ಉಗಿದ ಹಾಗೆ ಮಾತಾಡಿದರು, ಅದು ಸರಿಯೇ. ತೋಪಿನ ರಾತ್ರಿಯ ವಿಷಯ ಮಾತ್ರ ಇದೇ ಮೊದಲು ಹೇಳುತ್ತಿರುವುದು. ಆವತ್ತು ನೀರೆತ್ತಿದವರು ಯಾರು, ಎಲ್ಲಿಂದ ಎತ್ತಿದರು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಅವರು ಕೇಳಿದ್ದು ಹಿಂದಿನ ರಾತ್ರಿಯ ಮಳೆಯ ಬಗ್ಗೆಯೋ, ಕಮ್ಮನಹಳ್ಳಿಯ ಮಳೆಯ ಬಗ್ಗೆಯೋ, ಅದೂ ನನಗೆ ಗೊತ್ತಿಲ್ಲ. ಕಮ್ಮನಹಳ್ಳಿಯದ್ದಾಗಿದ್ದರೂ ನಾನು ಕೊಟ್ಟ ಉತ್ತರ ಸುಳ್ಳಲ್ಲ. ಆ ದಿನ ಮದುವೆ ಮನೆಯಲ್ಲಿ ಎಲ್ಲರೂ ನೆನೆದಿದ್ದರು, ಬೆರಳು ತೋರಿಸಿಕೊಂಡು ಒಂದು ಪಕ್ಕದಲ್ಲಿ ನಿಂತಿದ್ದ ನನ್ನನ್ನು ಬಿಟ್ಟು.